ಶುಕ್ರವಾರದ ದಂಡ

ಬರ್ನಿ ಬಂದರಿನ ಪಕ್ಕದ ಮರದ ಡಿಪೋದಲ್ಲಿ ವೇಡ್ ಫೋರ್ಕ್‌ಲಿಫ್ಟನ್ನು ಹಿಂದಕ್ಕೆ ತೆಗೆಯುವಾಗ ಅದು ಶೆಡ್ಡಿನ ಬಾಗಿಲಿಗೆ ಗುದ್ದಿ ಬಾಗಿಲು ಸೊಟ್ಟಗಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಲಸದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು.

"ಬಿತ್ತು ನೋಡು ದಂಡ. ಶುಕ್ರವಾರ ಒಂದು ಕೇಸ್ ಬಿಯರ್," ಅಂದ ಎಲ್ಲರಿಗಿಂತ ಹಿರಿಯ ಮರ್ವಿನ್. "ತಣ್ಣಗಿರ್ಲಿ ಮಾರಾಯ. ಹೋದ್ಸಲ ಒಬ್ಬ ಪುಣ್ಯಾತ್ಮ ಬಿಸೀದು ತಂದಿದ್ದ."

ಅಲ್ಲಿನ ಕಟ್ಟಳೆ ಅದು. ಏನಾದರೂ ಮುರಿದವನು ವಾರದ ಕೊನೆಗೆ ಎಲ್ಲರಿಗೂ ಬಿಯರ್ ತರಬೇಕು. ಆಮೇಲೆ ಆ ತಪ್ಪಿನ ಮಾತನ್ನು ಯಾರೂ ಎತ್ತುವುದಿಲ್ಲ. ವೇಡ್ ಎಲ್ಲರ ಜೊತೆ ನಕ್ಕ, ಸ್ಟಿಯರಿಂಗ್ ಮೇಲಿನ ಹಿಡಿತ ಮಾತ್ರ ಸಡಿಲವಾಗಲಿಲ್ಲ. ಕುಡಿತ ಬಿಡಿಸುವ ಕೇಂದ್ರದಿಂದ ಬಂದು ಈ ಕೆಲಸ ಹಿಡಿದು ಎರಡು ತಿಂಗಳೂ ಆಗಿರಲಿಲ್ಲ. ಅದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ನೋಲೀನ್‌ಗೆ ಫೋನ್ ಮಾಡಿ ದಂಡದ ವಿಷಯ ಹೇಳಿದ. ಕೇಂದ್ರದಿಂದ ಹೊರಬಂದವರಿಗೆ ಕೆಲಸ ಹುಡುಕಿಕೊಟ್ಟು, ಸಿಕ್ಕಮೇಲೂ ಬೆನ್ನಿಗಿರುವುದೇ ಆಕೆಯ ಕೆಲಸ.

"ಶುಕ್ರವಾರ ನಾನು ಹೋಗಲ್ಲ. ಆಮೇಲೆ ಸೋಮವಾರ ಮುಖ ತೋರ್ಸಕ್ಕಾಗಲ್ಲ. ಮುಗೀತು ಬಿಡಿ."

"ಹಿಂದಿನ ಎರಡು ಕೆಲಸಾನೂ ನೀನೇ ಹೀಗೆ ಬಿಟ್ಟಿದ್ದು ವೇಡ್. ಯಾರೂ ತೆಗೆದುಹಾಕಿರ್ಲಿಲ್ಲ."

"ಎಣ್ಣೆ ಅಂಗಡಿ ಒಳಗೆ ಕಾಲಿಟ್ರೆ ನನ್ನ ಕಥೆ ಅಷ್ಟೇ. ನೀವೇ ತಂದ್ಕೊಡ್ತೀರಾ?"

"ತರ್ತೀನಪ್ಪ. ಡಿಪೋವರೆಗೂ ಅದು ನಿನ್ನ ಪಕ್ಕದ ಸೀಟಲ್ಲಿ ಸುಮ್ನೆ ಕೂತಿರುತ್ತಾ?"

ವೇಡ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಿಮ್ಮ ಮೇಸ್ತ್ರಿಗೆ ನಾನು ಹೇಳ್ಲಾ?"

"ಬೇಡ."

"ಸರಿ, ನೀನು ಒಪ್ಪದೆ ನಾನು ಬಾಯಿ ಬಿಡಲ್ಲ. ಆದ್ರೆ ಅವ್ರಿಗೆ ಬಿಯರೇ ಆಗ್ಬೇಕಾ, ಕೇಳಿ ನೋಡು."

"ಮರ್ವಿನ್‌ಗೆ ಬಿಯರೇ ಆಗ್ಬೇಕು."

ಆಕೆ ನಕ್ಕಳು. ಅವನಿಗೂ ಸಣ್ಣಗೆ ನಗು ಬಂತು.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಬ್ರೈಸ್ ಬರುವ ಮೊದಲೇ ವೇಡ್ ಗೇಟಿನ ಬಳಿ ನಿಂತಿದ್ದ. ದಾರಿಯಲ್ಲಿ ಒಮ್ಮೆ ಕಾರನ್ನು ಮನೆಯತ್ತ ತಿರುಗಿಸಿಯೂ ಇದ್ದ.

"ನಾನು ಕುಡುಕ. ಈಗ ಬಿಟ್ಟಿದ್ದೀನಿ, ಚಿಕಿತ್ಸೆ ನಡೀತಿದೆ. ಬಿಯರ್ ತರಕ್ಕಾಗಲ್ಲ. ದಂಡ ತಪ್ಪಿಸ್ಕೊಳ್ಳಲ್ಲ, ಬೇಕಾದ್ರೆ ಎಲ್ರಿಗೂ ಸಾಸೇಜ್ ಸುಟ್ಟು ಕೊಡ್ತೀನಿ."

ಬ್ರೈಸ್ ಬೀಗ ತೆಗೆದು ಗೇಟು ತಳ್ಳಿದ.

"ಈರುಳ್ಳಿ ಇರುತ್ತಾ?"

"ಇರುತ್ತೆ."

"ಹುಡುಗ್ರಿಗೆ ನೀನೇ ಹೇಳು. ನಾನು ಹೇಳಿದ್ರೆ ಭಾಷಣ ಆಗುತ್ತೆ."

ಸಂಜೆ ಒಲೆಯ ಮುಂದೆ ನಿಂತು ವೇಡ್ ಹೇಳಿದ. ಒಬ್ಬ ಕೆಮ್ಮಿದ. ಮರ್ವಿನ್ ಸಾಸೇಜ್ ಹಾಕಿಸಿಕೊಳ್ಳಲು ಬ್ರೆಡ್ಡು ಚಾಚಿದ. "ಅಂದ್ರೆ ನನ್ನ ಬಿಯರ್ ನಾನೇ ತರ್ಬೇಕು ಅನ್ನು. ಎರಡು ಹಾಕು, ನಷ್ಟ ತುಂಬ್ಲಿ."

ಅವನು ತನ್ನ ಕಾರಿನಿಂದ ಬಿಯರ್ ಡಬ್ಬಿ ತಂದು ತೆರೆದಾಗ ವಾಸನೆ ಬಂತು. ವೇಡ್‌ನ ಬಾಯಲ್ಲಿ ನೀರೂರಿತು. ಹೊಗೆ ಬರುವ ಕಡೆಗೇ ಸರಿದು ನಿಂತು ಈರುಳ್ಳಿ ಕೆದಕಿದ. ಮರ್ವಿನ್ ಅದನ್ನು ಕಂಡು, ಡಬ್ಬಿ ಎತ್ತಿಕೊಂಡು ಗೇಟಿನತ್ತ ನಡೆದ.

"ಸೋಮವಾರ ಪೈನ್ ಮರದ ಲಾರಿ ಬರುತ್ತೆ," ಅಂದ ಬ್ರೈಸ್, ಬೆರಳಿನ ಸಾಸ್ ಒರೆಸಿಕೊಳ್ಳುತ್ತ. "ಇಳಿಸೋದು ನೀನೇ. ಬೇಗ ಬಾ."

"ಬರ್ತೀನಿ," ಅಂದ ವೇಡ್.