ಜೇಬಿನ ಪರೀಕ್ಷೆ

ಒಂದಾದ ಮೇಲೊಂದು ಅಂಗಿಯನ್ನು ಬೀರುವಿನಿಂದ ಎಳೆದು ಅವಳು ಮಂಚದ ಮೇಲೆ ಎಸೆಯುತ್ತಿದ್ದಳು. ಬಿಳಿ ಅಂಗಿಯ ಜೇಬಿನ ಮೂಲೆಯಲ್ಲಿ ನೀಲಿ ಶಾಯಿಯ ಕಲೆ, ಬೂದು ಅಂಗಿಯಲ್ಲಿ ಕಪ್ಪು, ಮಗಳ ಮದುವೆಗೆಂದು ಹೊಲಿಸಿದ ಕೆನೆಬಣ್ಣದ್ದರಲ್ಲಿ ಹಸಿರು. ಕೊನೆಯ ಸಲ ಮನೆಬಿಟ್ಟು ಹೊರಟ ಮನುಷ್ಯನಿಗೆ ಹಾಕಲು ಕಲೆಯಿಲ್ಲದ ಒಂದು ಅಂಗಿಗೂ ಗತಿಯಿಲ್ಲ ಅಂದರೆ ಏನು ಹೇಳಬೇಕು!

“ಅಮ್ಮ, ಯಾವುದಾದ್ರೂ ಆಗುತ್ತೆ. ಮೇಲೆ ಹೊದಿಕೆ ಇರುತ್ತಲ್ಲ,” ಎಂದಳು ಮಗಳು.

“ಹೊದಿಕೆ ಇದ್ರೇನು? ಉಜ್ಜಿ ಉಜ್ಜಿ ನನ್ನ ಕೈ ಸವೆದುಹೋಯ್ತು. ಇವತ್ತೊಂದು ದಿನ ಆದ್ರೂ ನಿಮ್ಮಪ್ಪ ಶುಭ್ರವಾಗಿ ಹೋಗ್ಲಿ.”

ತಳದ ಖಾನೆಯಲ್ಲಿ, ಗುಂಡುಸೂಜಿಯನ್ನೂ ಬಿಚ್ಚದ ಹೊಸ ಬಿಳಿ ಅಂಗಿಯೊಂದು ಸಿಕ್ಕಿತು. “ಇದನ್ನ ಒಂದು ಒಳ್ಳೇ ಪೆನ್ನಿಗೆ ಅಂತ ಇಡೋಣ” ಎಂದು ಅವರೇ ಎತ್ತಿಟ್ಟಿದ್ದು. ಅವಳು ಒಂದೊಂದೇ ಸೂಜಿ ಕೀಳುತ್ತಿದ್ದಾಗ ನಡುಮನೆಯಲ್ಲಿ ಕೂತಿದ್ದ, ಗಂಡನ ಜೊತೆ ಕೆಲಸ ಮಾಡಿದ ಡಿಪೋದವರ ಮಾತು ಕಿವಿಗೆ ಬಿತ್ತು.

“ಪಾಪ, ನಮ್ಮ ಬಿಸಿಮೈ ಸಾಹೇಬ್ರೂ ತಣ್ಣಗಾಗಿಬಿಟ್ರಲ್ಲಪ್ಪ.”

ಯಾರೋ ಕಿಸಕ್ಕೆಂದರು. ಸೂಜಿ ಅವಳ ಬೆರಳಿಗೆ ಚುಚ್ಚಿತು. ಸತ್ತ ಮೇಲೂ ಆ ಹೆಸರು ಬಿಡಲಿಲ್ಲವಲ್ಲ!

*

ಬಸ್ ಡಿಪೋದಲ್ಲಿ ಬಸ್ಸುಗಳು ಬಂದುಹೋಗುವ ಹೊತ್ತು ಬರೆದಿಡುವುದು ಅವರ ನೌಕರಿ. ಜೀವವೆಲ್ಲ ಇದ್ದದ್ದು ಶಾಯಿ ಪೆನ್ನುಗಳಲ್ಲಿ. ಹೊಸ ಪೆನ್ನು ಬಂದರೆ ಸಾಕು, ಬರೆದು ನೋಡುವುದು, ಅದರ ಗುಣದೋಷವನ್ನು ಅದೇ ಪೆನ್ನಿನಲ್ಲಿ ದುಂಡಗೆ ಬರೆದು ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುವುದು. ಎಲ್ಲೆಲ್ಲಿಯವರೋ ಓದುತ್ತಿದ್ದರು. ಇವರು ಚೆನ್ನಾಗಿದೆ ಅಂದರೆ ಮಾತ್ರ ಕೊಳ್ಳುವವರೂ ಇದ್ದರು.

ನಿಬ್ಬು ಎಷ್ಟೇ ಚಂದ ಜಾರಲಿ, ಜೇಬಿನ ಪರೀಕ್ಷೆ ಮುಗಿಯದೆ ಅವರು ಬಾಯಿಬಿಡುತ್ತಿರಲಿಲ್ಲ. ಶಾಯಿ ತುಂಬಿದ ಪೆನ್ನನ್ನು ವಾರವಿಡೀ ಅಂಗಿಜೇಬಿನಲ್ಲಿಟ್ಟುಕೊಂಡು ಓಡಾಡುವುದು, ಬಗ್ಗುವುದು, ಮಧ್ಯಾಹ್ನ ಹಾಗೇ ಅಡ್ಡಾಗುವುದು.

“ಪೆನ್ನು ಅಂದ್ರೆ ಮನುಷ್ಯನ ಎದೆ ಮೇಲಿರೋ ವಸ್ತು ಕಣೇ. ಅಲ್ಲಿ ಮರ್ಯಾದೆಯಿಂದ ಇರ್ಬೇಕು.”

“ಎದೆ ನಿಮ್ದು, ಕಲೆ ತೆಗೆಯೋ ಕೈ ನಂದು,” ಎಂದು ಅವಳು ರೇಗುತ್ತಿದ್ದಳು.

ಹೀಗಿರುವಾಗ ದೊಡ್ಡ ಕಂಪನಿಯೊಂದು ಕಡುನೀಲಿ ಬಣ್ಣದ ದುಬಾರಿ ಪೆನ್ನು ತಂದಿತು. ಊರಿನಲ್ಲಿ ಅದರ ಮಾರಾಟ ಸಿಕ್ಕಿದ್ದು ಸ್ಟೇಷನರಿ ಅಂಗಡಿ ಇಟ್ಟಿದ್ದ ಅವರ ತಮ್ಮನಿಗೆ. ಆ ಪೆನ್ನೂ ಜೇಬಿಗೆ ಹೋಯಿತು, ವಾರ ತುಂಬುವ ಮೊದಲೇ ಸೋರಿತು. ನಿಬ್ಬಿನ ಭಾಗವನ್ನು ಕೊಳವೆಗೆ ತಿರುಪುವ ಜಾಗದಲ್ಲೇ ದೋಷ. ಇದ್ದದ್ದನ್ನು ಇದ್ದ ಹಾಗೆ ಬರೆದರು.

ಕಂಪನಿ ಕೊಟ್ಟ ಉತ್ತರ ಏನು ಗೊತ್ತೇ? ಪೆನ್ನಿನಲ್ಲಿ ಯಾವ ದೋಷವೂ ಇಲ್ಲ, ಬರೆದವರ ಮೈ ವಿಪರೀತ ಬಿಸಿ, ಆ ಬಿಸಿಗೆ ಶಾಯಿ ಹೊರಬಂದಿದೆ, ಸಾಮಾನ್ಯರಿಗೆ ಈ ತೊಂದರೆ ಇರುವುದಿಲ್ಲ! ಅದನ್ನು ಓದಿದವರೆಲ್ಲ ನಕ್ಕರು. ಡಿಪೋದಲ್ಲಂತೂ ಅವರು ಕಾಲಿಟ್ಟ ಕೂಡಲೇ, “ಬಿಸಿಮೈ ಸಾಹೇಬ್ರು ಬಂದ್ರು, ಟೀಗೆ ಒಲೆ ಹಚ್ಬೇಡಿ,” ಎನ್ನುವುದು ಮಾಮೂಲಾಯಿತು.

ತಮ್ಮನೂ ಬಂದ. “ಅಣ್ಣ, ನನ್ನ ಹೊಟ್ಟೆ ಮೇಲೆ ಹೊಡೀಬೇಡ. ಬರೆದಿದ್ದನ್ನ ತೆಗೆದುಬಿಡು.”

“ಸೋರಿದ್ದನ್ನ ಸೋರಿಲ್ಲ ಅಂತ ಹೇಗೋ ಬರೀಲಿ?”

“ಒಂದು ಪೆನ್ನು ಹೆಚ್ಚೋ, ತಮ್ಮ ಹೆಚ್ಚೋ?”

ಅವರು ಬರೆದದ್ದನ್ನು ತೆಗೆಯಲಿಲ್ಲ. ತಮ್ಮ ಆಮೇಲೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ.

ಅವರಿಗೆ ಆ ಬಿಸಿಮೈಯ ಮಾತು ಎಷ್ಟು ನಾಟಿತ್ತೆಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಬೆಳಿಗ್ಗೆ ಎದ್ದವರೇ ಥರ್ಮಾಮೀಟರನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಆಮೇಲೆ ಅವಳ ಮುಂದೆ ಹಿಡಿಯುತ್ತಿದ್ದರು. “ನೋಡೇ, ಎಲ್ಲರ ಹಾಗೇ ಇದೆ ತಾನೆ?”

*

ನಡುಮನೆಯಲ್ಲಿ ಮಲಗಿಸಿದ್ದ ಗಂಡನಿಗೆ ಅಂಗಿ ತೊಡಿಸಿ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಮೈದುನ ಒಳಗೆ ಬಂದ. ಕಣ್ಣು ಕೆಂಪಾಗಿದ್ದವು. ಅಷ್ಟಕ್ಕೆ ಅವಳ ಮನಸ್ಸು ಕರಗುತ್ತಿತ್ತೇನೋ, ಆದರೆ ಅವನ ಹಿಂದೆಯೇ ದೊಡ್ಡ ಹೂಗುಚ್ಛ ಹಿಡಿದ ಠಾಕುಠೀಕಿನ ಮನುಷ್ಯನೊಬ್ಬ ನಿಂತಿದ್ದ.

“ಅತ್ತಿಗೆ, ಇವರು ಕಂಪನಿ ಕಡೆಯಿಂದ ಬಂದಿದಾರೆ.”

“ಮೇಡಂ, ತುಂಬಲಾರದ ನಷ್ಟ,” ಎನ್ನುತ್ತ ಅವನು ಜೇಬಿನಿಂದ ಉದ್ದನೆಯ ಡಬ್ಬಿ ತೆಗೆದ. ಒಳಗೆ ಅದೇ ಕಡುನೀಲಿ ಪೆನ್ನು. “ಇದನ್ನ ಸಾರ್ ಹೆಸರಲ್ಲೇ ಮತ್ತೆ ಮಾರುಕಟ್ಟೆಗೆ ತರ್ತಾ ಇದೀವಿ. ಸಾರ್ ಜೇಬಲ್ಲಿ ಪೆನ್ನಿರೋ ಹಾಗೆ ಒಂದು ಫೋಟೋ ಸಾಕು. ಗೌರವ ಇರ್ಲಿ ಅಂತ ಶಾಯೀನೂ ತುಂಬಿಸಿ ತಂದಿದೀವಿ.”

ಅವಳು ಡಬ್ಬಿಯನ್ನು ಅವನತ್ತಲೇ ತಳ್ಳಿದಳು. “ಬದುಕಿದ್ದಾಗ ಅವರು ಸೋರುತ್ತೆ ಅಂದ್ರು. ಈಗ ಬಾಯಿ ಮುಚ್ಚಿದೆ ಅಂತ, ಚೆನ್ನಾಗಿದೆ ಅನ್ನಿಸೋಕೆ ಬಂದ್ರಾ?”

“ಅದು ಹಳೇ ಕತೆ ಮೇಡಂ. ಪೆನ್ನಲ್ಲೇನೂ ಇರ್ಲಿಲ್ಲ. ಸಾರ್ ಮೈ ಸ್ವಲ್ಪ…”

“ಏನು ಅವರ ಮೈ? ಹೇಳಿ, ಏನು?”

“ಅಮ್ಮ, ಇವತ್ತು ಬೇಡ. ಎಲ್ಲರೂ ನೋಡ್ತಿದಾರೆ,” ಎಂದು ಮಗಳು ರಟ್ಟೆ ಹಿಡಿದಳು. ನೆರೆಮನೆಯವಳೊಬ್ಬಳು, “ಸಮಾಧಾನ ಮಾಡ್ಕೊಳ್ರೀ,” ಎನ್ನುತ್ತ ಒಳಗೆ ಕರೆದೊಯ್ದು ನೀರು ಕೊಟ್ಟಳು. ನೀರಿನಿಂದ ಆರುವ ಬೆಂಕಿಯೇ ಅದು? ಲೋಟ ಕೆಳಗಿಟ್ಟು ಹೊರಗೆ ಬರುವಷ್ಟರಲ್ಲಿ ಪೆನ್ನು ಗಂಡನ ಜೇಬು ಸೇರಿತ್ತು. ಸಿಕ್ಕಿಸಿದವನು ಮೈದುನ. ಕಂಪನಿಯವನು ಫೋನೆತ್ತಿ ಫೋಟೋ ತೆಗೆದು, ಬಂದವರಿಗೆಲ್ಲ ಕೇಳುವಂತೆ, “ಕೊನೇವರೆಗೂ ಸಾರ್ ಎದೆಗೆ ಹತ್ತಿರವಾಗಿದ್ದ ಪೆನ್ನು ಇದು,” ಎಂದ. ಡಿಪೋದವರು ಹೌದಹೌದೆಂದು ತಲೆಯಾಡಿಸಿದರು.

ಅವಳು ನುಗ್ಗಿ ಅದನ್ನು ಕಿತ್ತೆಸೆಯಬೇಕೆನ್ನುವಾಗ ಹೊರಗೆ ಗಾಡಿ ಬಂತು. ಎತ್ತಿ, ಹಿಡಿ, ನಿಧಾನ ಎಂಬ ಗದ್ದಲದಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ. ಓಣಿಯಂಥ ಪಡಸಾಲೆಯ ತಿರುವಿನಲ್ಲಿ ಅವರನ್ನು ಓರೆ ಮಾಡಬೇಕಾಯಿತು, ಮೆಟ್ಟಿಲಲ್ಲಿ ಕಾಲ ಕಡೆ ಮೇಲಾಯಿತು. ಅಂತೂ ಹೊರಗೆ ತಂದು, ಕೊನೆಯದಾಗಿ ನೋಡುವವರು ನೋಡಲಿ ಎಂದು ಅಂಗಳದ ಬೆಂಚಿನ ಮೇಲೆ ಇಳಿಸಿದರು.

ಪೆನ್ನು ತೆಗೆಯಲೆಂದೇ ಅವಳು ಹೊದಿಕೆ ಸರಿಸಿದಳು. ಚಾಚಿದ ಕೈ ಅಲ್ಲೇ ನಿಂತಿತು.

ಹೊಸ ಅಂಗಿಯ ಜೇಬಿನ ಮೂಲೆಯಲ್ಲಿ ಗುಂಡಿಯಷ್ಟಗಲ ನೀಲಿ. ನೋಡುತ್ತಿದ್ದಂತೆ ಅದು ದೊಡ್ಡದಾಯಿತು.

“ಅಯ್ಯೋ, ಅತ್ತಿಗೆ,” ಎಂದ ಮೈದುನ, ಮುಖ ಬಿಳಿಚಿಕೊಂಡು. “ಮುಚ್ಚಿಬಿಡಿ. ಬೇರೆ ಅಂಗಿ ತರ್ತೀನಿ.”

“ಮುಟ್ಟಬೇಡ.”

ಅವಳು ಹೊದಿಕೆಯನ್ನು ಸೊಂಟದವರೆಗೂ ಮಡಚಿದಳು. ಗೇಟಿನ ಕಡೆಗೆ ಮೆಲ್ಲಗೆ ಜಾರುತ್ತಿದ್ದ ಕಂಪನಿಯವನ ಬಳಿಗೆ ನೇರ ಹೋಗಿ ಮಣಿಕಟ್ಟು ಹಿಡಿದಳು. ವರ್ಷಗಟ್ಟಲೆ ಅಂಗಿ ಹಿಂಡಿದ ಕೈ ಅದು, ಅವನು ಕೊಸರಿದರೂ ಬಿಡಲಿಲ್ಲ. ಎಳೆತಂದು ಅವನ ಅಂಗೈಯನ್ನು ಗಂಡನ ಎದೆಯ ಮೇಲೆ ಒತ್ತಿ ಹಿಡಿದಳು.

“ಹೇಳ್ರೀ. ಬಿಸಿ ಇದೆಯಾ?”

ಅವನು ಗೇಟಿನ ಕಡೆ ನೋಡಿದ.

“ಕೇಳಿಸ್ಲಿಲ್ವಾ? ಎಲ್ಲರಿಗೂ ಕೇಳೋ ಹಾಗೆ ಹೇಳಿ. ಬಿಸಿ ಇದೆಯಾ?”

“ಇ… ಇಲ್ಲ ಮೇಡಂ. ತಣ್ಣಗಿದೆ.”

ಅವಳು ಕೈ ಬಿಟ್ಟಳು. ಅವನ ಅಂಗೈ ಮಣಿಕಟ್ಟಿನವರೆಗೂ ನೀಲಿಯಾಗಿತ್ತು. ಒರೆಸಿಕೊಳ್ಳಲು ಯಾರೂ ಬಟ್ಟೆ ಕೊಡಲಿಲ್ಲ. ಡಿಪೋದವರು ಒಬ್ಬೊಬ್ಬರಾಗಿ ಹತ್ತಿರ ಬಂದು ನೋಡಿ ತಲೆ ತಗ್ಗಿಸಿದರು. ಎಲ್ಲರ ಕಣ್ಣೆದುರಿಗೇ ಶಾಯಿ ಜೇಬನ್ನು ದಾಟಿ, ಅಲುಗದ ಎದೆಯ ಮೇಲೆ ನಿಧಾನವಾಗಿ ಗುಂಡಿಗಳ ಸಾಲಿನ ಕಡೆಗೆ ಹರಡುತ್ತಿತ್ತು.