ಕುಳಿತ ಹೆಣಕ್ಕೆ ಹಾಸ್ಯದ ಬಹುಮಾನ

ಮುಂಡರಗಿಯ ಅಂಕಿತಾ ತನ್ನ ತಂದೆಯ ಅಂತ್ಯಯಾತ್ರೆಯನ್ನೇ ಚಿತ್ರ ಮಾಡಿದ್ದಳು. ಮನೆತನದ ಪದ್ಧತಿಯಂತೆ ಹೆಣಕ್ಕೆ ವಿಭೂತಿ ಬಳಿದು, ವಿಮಾನವೆಂಬ ಹೂವಿನ ಚಟ್ಟದಲ್ಲಿ ಕುಳ್ಳಿರಿಸಿ, ಭಜನೆಯೊಂದಿಗೆ ಒಯ್ದಿದ್ದರು. ಪರದೇಶದ ಚಿತ್ರೋತ್ಸವದಲ್ಲಿ ಜನ ಹೆಣವನ್ನು ವೇಷ ಹಾಕಿ ಕುಳಿತ ನಟನೆಂದೇ ತಿಳಿದು ಬಿದ್ದು ಬಿದ್ದು ನಕ್ಕರು. ಉತ್ತಮ ಹಾಸ್ಯಚಿತ್ರವೆಂದು ಬಹುಮಾನವನ್ನೂ ಕೊಟ್ಟರು.

ಚಿತ್ರವನ್ನು ಊರಲ್ಲಿ ತೋರಿಸಲು ತಾಯಿ ಸುಮಿತ್ರವ್ವನ ಒಪ್ಪಿಗೆ ಬೇಕಿತ್ತು. ಆಕೆ ಮೊಬೈಲಿನಲ್ಲಿ ಬಹುಮಾನದ ಸಮಾರಂಭ ನೋಡಿದಳು. ವೇದಿಕೆಯ ಮೇಲೆ ಮಗಳೂ ನಗುತ್ತಿದ್ದಳು.

“ಅವರ ಕಡೆ ಹೆಣಾ ಮಲಗಸ್ತಾರಬೇ. ಅವರಿಗೆ ತಿಳೀಲಿಲ್ಲ,” ಎಂದಳು ಅಂಕಿತಾ.

“ಅವರಿಗೆ ತಿಳೀಲಿಲ್ಲ, ಖರೆ. ನಿನಗ ತಿಳದಿತ್ತಲ್ಲ? ಹಲ್ಲು ಕಿಸ್ಕೊಂಡು ನಿಂತೀಯಲ್ಲ!”

“ಬಹುಮಾನ ತಗೊಳ್ಳಾಗ ಅಳಬೇಕಿತ್ತೇನು?”

“ಅಂವ ನಮ್ಮಪ್ಪ, ಸತ್ತಾನ ಅಂತ ಹೇಳಬೇಕಿತ್ತು. ಇದನ್ನ ಊರಾಗ ತೋರಿಸಿದ್ರ ನನ್ನ ಹೆಣದ ಮುಂದೂ ಬರಬ್ಯಾಡ.”

ಅಂಕಿತಾ ಅಲ್ಲೇ ಟಾಕೀಸಿನವರಿಗೆ ಫೋನು ಮಾಡಿ ಪ್ರದರ್ಶನ ಬೇಡವೆಂದಳು. ಸುಮಿತ್ರವ್ವ ಕೇಳಿಸಿಕೊಂಡಳು, ಆದರೂ ಮಗಳತ್ತ ತಿರುಗದೆ ಒಳಗೆ ನಡೆದಳು.