ಮುದ್ದೆಯ ಮೇಲೆ ಐದು ಬೆರಳು

"ಇನ್ನೊಸಿ ಬಗ್ಗೇ ಲತಾ, ಮೂಲ್ಯಾಗೆ ಕಸ ಉಳ್ಕಂಡೈತೆ."

ಕಂಬಿಯ ಒಳಗಿಂದ ತಿರುಮಲೇಶ ಹೇಳಿದ. ಸೆಲ್ಲಿನಲ್ಲಿದ್ದ ಉಳಿದವರು ನಕ್ಕರು. ಈ ಸಬ್‌ಜೈಲಿನಲ್ಲಿ ಕಸ ಗುಡಿಸುವುದು ನನ್ನ ಕಾಂಟ್ರಾಕ್ಟ್ ಕೆಲಸ. ಇಪ್ಪತ್ನಾಲ್ಕು ತುಂಬಿದೆ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೇ ದೊಡ್ಡದು. ತಿರುಮಲೇಶ ನಮ್ಮೂರಿನವನೇ, ಕುಂದುರ್ಪಿ ಕಡೆಯವನು. ಹೊಡೆದಾಟದ ಕೇಸಿನಲ್ಲಿ ಬಂದಿದ್ದಾನೆ. ಅವರದು ಊರೊಳಗಿನ ದೊಡ್ಡ ಮನೆ, ನಮ್ಮದು ಕೇರಿ.

"ನಿಮ್ಮಪ್ಪ ಪೋತಪ್ಪ ನಮ್ ಕೊಟ್ಟಿಗೆ ಬಾಚ್ತಿದ್ದ. ನೀನು ಇಲ್ಲಿ ಬಾಚ್ತೀಯ. ನಮ್ಮನೆ ಸಗಣಿ ನಿಮ್ಮುನ್ನ ಬಿಡಲ್ಲ ಕಣೇ!"

ನಾನು ತಲೆ ಎತ್ತಲಿಲ್ಲ. ಅವನು ಲುಂಗಿ ಎತ್ತಿ ನಿಂತಿರುತ್ತಾನೆಂದು ನೋಡದೆಯೂ ಗೊತ್ತು. ದಿನವೂ ದೂರದಿಂದಲೇ ಗುಡಿಸುತ್ತಿದ್ದೆ. ಇವತ್ತು ಮೂಲೆಯ ಕಸಕ್ಕೆಂದು ಹತ್ತಿರ ಹೋಗಿ ಬಗ್ಗಿದಾಗ ಅವನ ಕೈ ಕಂಬಿ ದಾಟಿ ನನ್ನ ಎದೆಗೆ ಬಿತ್ತು. ಪೊರಕೆ ಅಲ್ಲೇ ಬಿಸಾಕಿ ಹೊರಗೆ ಬಂದೆ.

ಹೆಡ್ ವಾರ್ಡರ್ ನರಸಪ್ಪನ ಮುಂದೆ ಹೋಗಿ ಹೇಳಿದೆ. "ಸಾರ್, ಅವ್ನು ಮೈ ಮುಟ್ದ."

"ಊರ್ಕೋ ತಲ್ಲಿ, ಸುಮ್ಕಿರು," ಎಂದ, ಹಲ್ಲು ಚುಚ್ಚಿಕೊಳ್ಳುತ್ತ. "ಕಂಬಿ ತಾವ ನೀನ್ಯಾಕೆ ಹೋದೆ? ಅವ್ನ ಮನೇವ್ರು ಹಿಂದೂಪುರದ ಲಾಯರ್ನ ಹಿಡ್ದವ್ರೆ, ಬೇಲ್ ಆಯ್ತದೆ, ಹೋಯ್ತಾನೆ. ನಿಂಗೆ ಕೆಲ್ಸ ಬ್ಯಾಡ್ವಾ? ಹೋಗು, ಊಟದ ಡಬ್ಬಿ ಬಂದವೆ, ಚೆಕ್ ಮಾಡು."

ಮನೆಯಿಂದ ಬರುವ ಊಟವನ್ನು ಕೈಯಿಂದ ಮುರಿದು ನೋಡುವುದೂ ನನ್ನದೇ ಕೆಲಸ. ಒಳಗೆ ಬ್ಲೇಡು, ಗಾಂಜಾ ಇಟ್ಟಿರುತ್ತಾರೆ. ಕಲ್ಯಾಣದುರ್ಗದ ಬಸ್ಸಿಗೆ ಬರುವ ತಿರುಮಲೇಶನ ತಾಯಿ ಪಾಪಕ್ಕ ಮಾತ್ರ ತಾನೇ ಮುರಿದು ತೋರಿಸುತ್ತಿದ್ದಳು. ನಾನು ದೂರ ನಿಂತು ತಲೆಯಾಡಿಸಬೇಕು. ನರಸಪ್ಪ ಅದಕ್ಕೆ ಒಪ್ಪಿದ್ದ.

ಇವತ್ತೂ ಡಬ್ಬಿ ತೆರೆದು ಮುದ್ದೆಗೆ ಕೈ ಹಾಕಹೋದಳು. "ಅಲ್ಲೇ ನಿಂತ್ಕಳೇ. ನೀನು ಮುಟ್ಟುದ್ರೆ ನಮ್ ಹುಡ್ಗ ಉಣ್ಣಲ್ಲ."

ಮುಂದೆ ಹೋದೆ. ಮುದ್ದೆಗೆ ಐದೂ ಬೆರಳು ಒತ್ತಿದೆ. ತಣ್ಣಗಿದ್ದ ಮುದ್ದೆಯಲ್ಲಿ ಗುರುತು ಹಾಗೇ ಕೂತಿತು.

"ಅಯ್ಯಯ್ಯೋ, ಮುಂಡೇ! ಕೆಡಿಸ್ಬುಟ್ಲು ಕಣಪ್ಪೋ!" ಪಾಪಕ್ಕ ಎದೆ ಬಡಿದುಕೊಂಡಳು.

ನರಸಪ್ಪ ಬಂದು ನೋಡಿದ. ಡಬ್ಬಿಯನ್ನು ನನ್ನ ಕೈಗೇ ಕೊಟ್ಟ. "ನೀನೇ ಒಯ್ದು ಕೊಡು. ನಿನ್ ಮಕದ ಮ್ಯಾಕೇ ಎಸೀಲಿ."

ಡಬ್ಬಿಯನ್ನು ಕಂಬಿಯೊಳಗೆ ಕೊಟ್ಟು, ಎಸೆಯಲಿ ಎಂದೇ ಕಾದು ನಿಂತೆ. ತಿರುಮಲೇಶ ಮುದ್ದೆ ನೋಡಿದ, ನನ್ನ ಕೈ ನೋಡಿದ. ಕಂಬಿಗೆ ಹಣೆ ಒತ್ತಿ, ನನ್ನ ಮುಖವನ್ನೇ ನೋಡುತ್ತ, ಒಂದೊಂದೇ ಗುರುತಿಗೆ ನಾಲಿಗೆ ಇಟ್ಟ.

ಒಳಗೆ ಸಿಳ್ಳೆ ಬಿತ್ತು. ಹಿಂದೆ ನರಸಪ್ಪನೂ ನಕ್ಕ.

ನಾನು ಬೆರಳುಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದೆ. ಉಗುರಿನ ಸಂದಿಯ ಹಿಟ್ಟು ಬಿಡಲಿಲ್ಲ.